ನೀರನ್ನು ಒಳಗೆ ಬಿಡಬೇಕು

ಹಗುರಾಯಿತು, ಸ್ಟೇರಿಂಗು ಕೈಯಲ್ಲಿ ಹಗುರಾಯಿತು, ಖಾಲಿ ಮೊರ ತಿರುಗಿಸಿದ ಹಾಗೆ, ಚಕ್ರಕ್ಕೆ ಕುಟ್ಟುತ್ತಿದ್ದ ಕಲ್ಲು ಒಮ್ಮೆಗೇ ಇಲ್ಲವಾಯಿತು — ಹಾಗಾಗಬಾರದು, ಹೊಳೆಯೊಳಗೆ ಜೀಪು ಕುಲುಕುತ್ತಲೇ ಇರಬೇಕು, ಕುಲುಕಿದರೆ ಕೆಳಗೆ ನೆಲ ಇದೆ ಅಂತ, ನುಣ್ಣಗೆ ಹೋದರೆ ನೆಲ ಬಿಟ್ಟಿತು ಅಂತ, ಅದನ್ನು ಕಣ್ಣು ಹೇಳುವುದಿಲ್ಲ, ಕೂತ ಸೊಂಟ ಹೇಳುತ್ತದೆ, ಈಗ ಸೊಂಟ ತೊಟ್ಟಿಲಲ್ಲಿ ಇಟ್ಟ ಹಾಗೆ ಸುಮ್ಮನಿದೆ, ಹಿಂದಿನ ಗಾಲಿ ಎದ್ದಿವೆ, ಜೀಪಿನ ಬೆನ್ನು ಮೆಲ್ಲಗೆ ಎಡಕ್ಕೆ, ನೀರು ಹೋಗುವ ಕಡೆಗೆ ತಿರುಗುತ್ತಿದೆ, ಕಾಲು ತೆಗೆಯಬೇಡ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸೈಲೆನ್ಸರು ನೀರು ಕುಡಿಯುತ್ತದೆ, ಕ್ಲಚ್ಚು ಒತ್ತಬೇಡ, ಗೇರು ಮುಟ್ಟಬೇಡ, ಆಚೆ ದಡದಲ್ಲಿ ಕರಿಯನ್ ಬಿದಿರಿನ ಗಳ ಎತ್ತಿ ಬಲಕ್ಕೆ ಮಲ್ಲಪ್ಪಣ್ಣಾ ಬಲಕ್ಕೆ ಅಂತ ಅರಚುತ್ತಿದ್ದಾನೆ, ಬಲಕ್ಕೆ ತಿರುಗಿಸಿಯೇ ಇದ್ದೇನೆ ಮಾರಾಯ, ತಿರುಗುತ್ತಿರುವುದು ಸ್ಟೇರಿಂಗು ಮಾತ್ರ. ಎಲ್ಲ ಮಾಡಿದ್ದೆನಲ್ಲ, ಫ್ಯಾನು ನೀರಿಗೆ ಹೊಡೆದು ರೆಕ್ಕೆ ಮುರಿಯದಿರಲಿ ಅಂತ ಬೆಲ್ಟು ಬಿಚ್ಚಿದೆ, ಮುಂದಿನ ಜಾಲರಿಗೆ ಟಾರ್ಪಾಲು ಕಟ್ಟಿದೆ, ಬಿಸಿ ಜೀಪನ್ನು ತಣ್ಣೀರಿಗೆ ಇಳಿಸಿದರೆ ಆಕ್ಸಲ್ಲು ನೀರು ಎಳೆದುಕೊಳ್ಳುತ್ತದೆ ಅಂತ ಆರುವವರೆಗೆ ಕಾದೆ, ಸಜಿತ ಬಂದು ಅಣ್ಣಾ ಇನ್ನೂ ಏನು ನಿಂತಿದ್ದೀರಿ, ಅವ್ವೆ ರಕ್ತ ಉಗಿಯುತ್ತಾಳೆ, ವೇಗ ಬನ್ನಿ ಅಂದಳು, ತಡಿ ಮಗಳೇ ತಡಿ, ಅವಸರ ಮಾಡಿದವರನ್ನೇ ಈ ಹೊಳೆ ಇಟ್ಟುಕೊಳ್ಳುವುದು — ಬೆಳಿಗ್ಗೆ ರೇಷನ್ ಅಕ್ಕಿ ಇಳಿಸಲು ಈಚೆ ಬಂದಾಗ ನೀರು ಮೊಣಕಾಲಿಗಿತ್ತು, ಆಮೇಲೆ ಮೇಲೆ ಎಲ್ಲೋ, ಬ್ರಹ್ಮಗಿರಿಯ ಕಡೆ, ಹೊಯ್ದಿರಬೇಕು, ಇಲ್ಲಿ ಬರೀ ಸೋನೆ, ಅಷ್ಟರಲ್ಲಿ ಶುಂಠಿ ಹೊಲದಿಂದ ಸಜಿತಳ ಅವ್ವೆ ಕುಂಞಿಯನ್ನು ಬಟ್ಟೆಯಲ್ಲಿ ಹೊತ್ತು ತಂದರು, ಮಂಡಲದ ಹಾವು, ಬೆಳಿಗ್ಗೆಯೇ ಕಚ್ಚಿದೆ, ಮುಳ್ಳು ತಾಗಿತು ಅಂದುಕೊಂಡು ಗಂಜಿಯ ಹೊತ್ತಿನವರೆಗೂ ಕಳೆ ಕಿತ್ತಿದ್ದಾಳೆ, ಬಗ್ಗಿದ ಬೆನ್ನು ಎತ್ತಿದರೆ ಮೇಸ್ತ್ರಿ ನೋಡುತ್ತಾನೆ ಅಂತ ಕಾಲು ಕೂಡ ನೋಡಿಕೊಳ್ಳಲಿಲ್ಲವಂತೆ. ಆಂಬುಲೆನ್ಸಿಗೆ ಫೋನು ಹಚ್ಚಿದರೆ ಬಾವಲಿಯ ಈ ಮೂಲೆಯಲ್ಲಿ ಗಡಿಯಾಚೆ ಕನ್ನಡದ ಕಡೆಯ ಟವರು ಹಿಡಿಯುತ್ತದೆ, ಅವಳು ಯಾರೋ ಒಳ್ಳೆಯ ಹುಡುಗಿ, ಸಾರ್ ನಿಮ್ಮದು ಕೇರಳ ಬರುತ್ತೆ, ಅಲ್ಲಿಗೆ ಮಾಡಿ, ಅಲ್ಲಿಗೇ ಮಾಡಿದ್ದಮ್ಮಾ, ನೀನು ಎತ್ತಿಕೊಂಡೆ. ಅದಕ್ಕೇ ಹೊಳೆಗೆ ಇಳಿದದ್ದು, ಆಸ್ಪತ್ರೆ ಇರುವುದು ಆಚೆ, ಹೆಂಡತಿ ಗುರುಬಸಮ್ಮ ಮನೆಯಲ್ಲೇ ಹೇಳಿದ್ದಳು, ಹೊಳೆ ಏನು ನಿಮ್ಮ ಮಾವನ ಮನೆಯಾ, ಕರೆದಾಗೆಲ್ಲ ಹೋಗೋಕೆ.

ಆದರೂ ಯಾಕೆ ತೇಲಿತು, ಮೂಟೆ ಇಳಿಸಿದ ಜೀಪು ಹಗುರ ನಿಜ, ಆದರೆ ತೇಲುವಷ್ಟಲ್ಲ, ಈ ಜೀಪಿಗೆ ಬಾಗಿಲಿಲ್ಲ, ಹಿಂದಿನ ಹಲಗೆಯನ್ನು ಹೊಳೆ ದಾಟುವಾಗ ನಾನು ಇಳಿಸಿಯೇ ಬಿಡುತ್ತೇನೆ, ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲಿ ಅಂತ, ಕೂತವರ ಕಾಲು ನೆನೆಯುತ್ತದೆ, ಬೈಯುತ್ತಾರೆ, ಕುಂಞಿಯೇ ಬೈದಿದ್ದಾಳೆ, ಕಾಟ್ಟಿಕುಳಂ ಸಂತೆಗೆ ಹೋಗುವಾಗ ಮುಂಡು ಎತ್ತಿ ಹಿಡಿದುಕೊಂಡು, ಮಲ್ಲಪ್ಪಾ ನಿನ್ನ ಜೀಪಿಗಿಂತ ಮುದುಕಿ ನಾನೇ ಮೇಲು, ಕೆಮ್ಮಿದ್ರೂ ನಡೀತೀನಿ, ಸೋರೋದಿಲ್ಲ, ಎಲ್ಲರೂ ನಕ್ಕರು, ನಾನೂ — ತಲೆ ಎತ್ತಿ ಕನ್ನಡಿ ನೋಡಿದೆ, ಹಿಂದೆ ಬೆಳಕೇ ಇಲ್ಲ, ಯಾರೋ ಹಲಗೆ ಎತ್ತಿ ಕೊಂಡಿ ಹಾಕಿದ್ದಾರೆ, ಅದರ ಸಂದಿಗೆಲ್ಲ ಶುಂಠಿಯ ಗೋಣಿ ತುರುಕಿದ್ದಾರೆ, ಎರಡೂ ಬದಿಗೆ ನೀಲಿ ಪ್ಲಾಸ್ಟಿಕ್ಕು ಇಳಿಬಿಟ್ಟು ಸೀಟಿನ ಕೆಳಗೆ ಒತ್ತಿ ಕಟ್ಟಿದ್ದಾರೆ, ಒಂದು ಹನಿಯೂ ನುಗ್ಗದ ಹಾಗೆ, ಅಯ್ಯೋ ಸಜಿತಾ, ನಾನು ಮುಂದೆ ಬಾಗಿ ಬೆಲ್ಟು ಬಿಚ್ಚುತ್ತಿದ್ದಾಗ ಇವಳು ಹಿಂದೆ ಕೂತು ಜೀಪನ್ನು ದೋಣಿ ಮಾಡಿದ್ದಾಳೆ. ಅವಳಿಗೆ ಏನು ಗೊತ್ತು, ಹುಟ್ಟಿದಾಗಿನಿಂದ ಮಳೆಗಾಲ ಅಂದರೆ ಅವಳಿಗೆ ಇದೇ, ಗುಡಿಸಲಿನ ಯಾವ ಸಂದಿಯಲ್ಲಿ ಸೋರುತ್ತದೆ ನೋಡು, ಪ್ಲಾಸ್ಟಿಕ್ಕು ತುರುಕು, ಅವ್ವೆಯ ಚಾಪೆ ಒಣಗಿರಲಿ, ಆ ಕೈಗೆ ತಿಳಿದ ಪ್ರೀತಿ ಅದೊಂದೇ, ನಾನು ಒಂದು ಮಾತು ಹೇಳಬೇಕಿತ್ತು, ಹೇಳುವಂಥದ್ದು ಅಂತಲೇ ಅನಿಸಲಿಲ್ಲ, ನೀರನ್ನು ಒಳಗೆ ಬಿಡಬೇಕು ಅಂತ ಯಾರಾದರೂ ಹೇಳಿಕೊಡುತ್ತಾರೆಯೇ — ಧಡ್ ಅಂತ ಏನೋ, ಹೊಳೆಮತ್ತಿ ಮರ, ನೀರಿಗೆ ಬಾಗಿದ ಅದರ ಸೊಂಟಕ್ಕೆ ಜೀಪು ಹೋಗಿ ಒರಗಿತು, ಮುಂದಿನ ಗಾಜಿನ ಕಂಬಕ್ಕೆ ಎತ್ತಿ ಕಟ್ಟಿದ್ದ ಇಂಜಿನಿನ ಗಾಳಿ ಕೊಳವೆ ಕೊಂಬೆಗೆ ಸಿಕ್ಕಿ ಕಿತ್ತು ಹೋಯಿತು, ಇಂಜಿನು ಎರಡು ಸಲ ಬಿಕ್ಕಳಿಸಿ ನಿಂತಿತು. ಆಚೆ ದಡದಲ್ಲಿ ಈಗ ತುಂಬ ಜನ, ಸ್ಟಾರ್ಟ್ ಆಕ್ಕ್ ಚೇಟ್ಟಾ, ಸ್ಟಾರ್ಟ್ ಆಕ್ಕ್, ಸ್ಟಾರ್ಟು ಮಾಡು ಅಂತ ಕೂಗು, ನೀರು ಕುಡಿದ ಇಂಜಿನು ಸ್ಟಾರ್ಟು ಮಾಡಿದರೆ ಒಳಗಿನ ರಾಡು ಬಾಗುತ್ತದೆ, ಆದರೆ ರಾಡಿಗೆ ಯಾರು ಅಳುತ್ತಾರೆ ಈಗ, ಕೀಲಿ ತಿರುಗಿಸಿದೆ, ಟಕ್, ಅಷ್ಟೇ, ಕಲ್ಲಾಗಿದೆ. ಜೀಪು ಮರಕ್ಕೆ ಉಜ್ಜಿಕೊಂಡು ಏಳುತ್ತಿದೆ ಇಳಿಯುತ್ತಿದೆ, ಇನ್ನೊಂದು ಅಲೆ ಬಂದರೆ ಮರದಿಂದ ಜಾರುತ್ತದೆ, ಆಮೇಲೆ ಕೆಳಗೆ ಆನೆ ಮೀಯುವ ಗುಂಡಿ, ಸೀಟಿನ ಕೆಳಗಿನ ಕತ್ತಿ ತೆಗೆದೆ, ಸೀಟು ಹತ್ತಿ ಹಿಂದಕ್ಕೆ ದಾಟಿ ನೀಲಿ ಪ್ಲಾಸ್ಟಿಕ್ಕನ್ನು ಮೇಲಿಂದ ಕೆಳಗೆ ಸೀಳಿದೆ, ಗೋಣಿ ಕಿತ್ತು ಎಸೆದೆ, ಹಲಗೆಯ ಕೊಂಡಿ ಒದ್ದೆ, ನೀರು ದನ ನುಗ್ಗಿದ ಹಾಗೆ ನುಗ್ಗಿತು, ಸಜಿತ ನನ್ನ ಅಂಗಿ ಹಿಡಿದು ಎಳೆದಳು, ಅಣ್ಣಾ ಏನು ಮಾಡ್ತೀರಿ, ಅವ್ವೆ ಮೇಲೆ ನೀರು ಬಿಡ್ತೀರಾ, ನಿಮಗೆ ಭ್ರಾಂತಾ, ಹೌದು ಮಗಳೇ, ಭ್ರಾಂತು, ಕೂರು, ಅವ್ವೆಯ ತಲೆ ಎತ್ತಿಕೋ — ಜೀಪು ನಿಧಾನವಾಗಿ ಕೂತಿತು, ಗಾಲಿಗೆ ಕಲ್ಲು ಸಿಕ್ಕಿತು, ಸೊಂಟಕ್ಕೆ ತಿಳಿಯಿತು. ತಡವಾಗಿ ತಿಳಿಯಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಕರಿಯನ್ ಹಗ್ಗ ಎಸೆದ, ಮೊದಲನೆಯದು ಹೊಳೆ ತಿಂದಿತು, ಎರಡನೆಯದು ಬಾನೆಟ್ಟಿಗೆ ಬಿತ್ತು, ಗಾಜಿನ ಚೌಕಟ್ಟಿಗೆ ಸುತ್ತಿ ಕಟ್ಟಿದ್ದೇನೆ, ಬೆರಳು ಮರಗಟ್ಟಿವೆ, ಅವನು ಬಾಯಿಗೆ ಕೈಯಿಟ್ಟು ಕೂಗುತ್ತಾನೆ, ಫಯರ್‌ಫೋರ್ಸು ಹೊರಟಿದೆ ಅಣ್ಣಾ, ಕಾಟ್ಟಿಕುಳಂ ಹತ್ರ ಮರ ಬಿದ್ದಿದೆ, ಕಾಯೋಕಾಗಲ್ಲ, ಮೇಲಿನ ನೀರು ಇನ್ನೂ ಬರ್ತಾ ಇದೆ, ಒಬ್ಬೊಬ್ಬರೇ ಹಗ್ಗ ಹಿಡಿದು ಬನ್ನಿ, ಹುಡುಗಿ ಮೊದ್ಲು, ಅಕ್ಕನ್ನ ಆಮೇಲೆ ನಾವು ಬಂದು ಹೊತ್ಕೊಳ್ತೀವಿ. ಅಕ್ಕ ಅಂದರೆ ಅವನಿಗೆ ಕುಂಞಿ, ಅವನನ್ನು ಬೆನ್ನಿಗೆ ಕಟ್ಟಿಕೊಂಡು ಜೇನು ಕೊಯ್ಯಲು ಹೋದವಳು, ಹುಡುಗಿ ಮೊದಲು ಅಂತ ಅವನ ಬಾಯಿಂದಲೇ ಬಂತಲ್ಲ, ಆ ದೂರದಿಂದ ಅವನಿಗೆ ಏನಾದರೂ ಕಂಡಿತೇ, ಇಲ್ಲ ಬರೀ ಲೆಕ್ಕವೇ, ನಡೆಯಬಲ್ಲವರು ಮೊದಲು. ಸಜಿತಾ, ಹಗ್ಗ ಸೊಂಟಕ್ಕೆ ಕಟ್ಟುತ್ತೇನೆ, ಎರಡೂ ಕೈಯಲ್ಲಿ ಹಿಡಿದುಕೊ, ಮುಖ ನೀರು ಬರುವ ಕಡೆಗೆ ಇರಲಿ, ಅವರು ಎಳೆಯುತ್ತಾರೆ, ಇಲ್ಲ ಅಣ್ಣಾ, ಅವ್ವೆ ಮೊದಲು, ಅವ್ವೆಯನ್ನು ಆಮೇಲೆ ತರುತ್ತಾರೆ ಮಗಳೇ, ಇಲ್ಲ, ನಾನು ಹೋದ್ರೆ ಅವ್ವೆಯನ್ನ ಎದ್ದಿರಿಸೋದು ಯಾರು, ಹಾವು ಕಡಿದವರು ಕಣ್ಣು ಮುಚ್ಚಬಾರದು, ಅಜ್ಜನೂ ಹೇಳಿದ್ದಾನೆ, ನೋಡಿ, ಇಷ್ಟು ಹೊತ್ತು ಒಮ್ಮೆನೂ ಮುಚ್ಚಿಲ್ಲ, ಎದ್ದಿದ್ದಾಳೆ, ಅಲ್ಲವಾ ಅವ್ವೇ, ಅಣ್ಣನ ಜೀಪು ನಿಂತೋಯ್ತು ನೋಡು, ಬೈಯಿ ಒಂದ್ಸಲ. ಬೆಂಚಿನ ಮೇಲೆ ಹತ್ತಿ ಕೂತಿದ್ದಾಳೆ, ಕಾಲು ನೀರಿನಲ್ಲಿದೆ, ತಾಯಿಯ ತಲೆ ತೊಡೆಯ ಮೇಲಿದೆ, ಮೇಲಿನ ಟಾರ್ಪಾಲಿಗೂ ನನ್ನ ಕತ್ತಿ ತಾಗಿತ್ತು, ಅಲ್ಲಿ ಸೋರುತ್ತಿದೆ, ಆ ಹನಿ ಅವ್ವೆಯ ಕಣ್ಣಿಗೆ ಬೀಳಬಾರದು ಅಂತ ಸಜಿತ ಅಂಗೈ ಬಗ್ಗಿಸಿ ಕಣ್ಣಿನ ಮೇಲೆ ಕೊಡೆ ಹಿಡಿದ ಹಾಗೆ ಹಿಡಿದಿದ್ದಾಳೆ, ಅಷ್ಟು ಕಿರಿದಾದ ಕೈ, ಶುಂಠಿ ಮಣ್ಣು ಇನ್ನೂ ಉಗುರಿನಲ್ಲಿ. ಜೀಪು ಒಂದು ಗೇಣು ಜಾರಿತು. ಹಗ್ಗ ಬಿಗಿಯಿತು, ಅಣ್ಣಾ ಬೇಗ, ಬೇಗ, ಅಲ್ಲಿಂದ ಕರಿಯನ್. ಮುದುಕ ನಾನು ಇರಲಿ, ಜೀಪೂ ಇರಲಿ, ಈ ಹುಡುಗಿ ಹೋಗಬೇಕು, ಎತ್ತಿ ಕಟ್ಟಿ ತಳ್ಳಿದರೆ ನಡುನೀರಿನಲ್ಲಿ ಹಗ್ಗ ಬಿಟ್ಟು ತಿರುಗಿ ಬರುತ್ತಾಳೆ, ಇವಳನ್ನು ಬಲ್ಲೆ, ಮನಸ್ಸು ಒಪ್ಪದೆ ಕೈ ಹಿಡಿಯುವುದಿಲ್ಲ, ಕೈ ಹಿಡಿಯದೆ ಹೊಳೆ ಬಿಡುವುದಿಲ್ಲ. ಸುಳ್ಳು ಹೇಳಲೇ, ಅವ್ವೆ ಹೇಳಿದಳು ಹೋಗು ಅಂತ, ಕೇಳಿಸಲಿಲ್ಲವಾ ನಿನಗೆ, ಹೊಳೆಯ ಸದ್ದಿಗೆ ಕೇಳಿಸಿರಲಿಕ್ಕಿಲ್ಲ — ನಂಬುವುದಿಲ್ಲ, ತಾಯಿಯ ಬಾಯಿಯ ಹತ್ತಿರ ಅವಳ ಕಿವಿಯೇ ಇದೆ. ನಿಜ ಹೇಳಲೇ, ಹೇಗೆ, ಯಾವ ಮಾತಿನಿಂದ ಶುರು ಮಾಡುವುದು, ಸಜಿತಾ ಅಂದೆ, ಅವಳು ನನ್ನ ಕಡೆ ನೋಡಲಿಲ್ಲ, ಒಂದು ಹನಿ ಅವಳ ಬೆರಳ ಬೆನ್ನಿಗೆ ಬಿತ್ತು, ಮಣಿಕಟ್ಟಿಗೆ ಇಳಿಯಿತು, ಅಂಗೈಯ ಅಂಚಿನಿಂದ ತೊಟ್ಟಿಕ್ಕಿ ಕುಂಞಿಯ ಕಣ್ಣಿನೊಳಗೆ, ಕಪ್ಪು ಗುಡ್ಡೆಯ ಮೇಲೇ ಬಿತ್ತು, ರೆಪ್ಪೆ ಆಡಲಿಲ್ಲ. ಮಳೆನೀರಿಗೂ ರೆಪ್ಪೆ ಆಡಲಿಲ್ಲ. ನಾನು ನೋಡಿದೆ, ಅವಳು ನೋಡಲಿಲ್ಲ, ಅವಳಿಗೆ ಅವಳ ಕೈಯೇ ಅಡ್ಡ. ಎಷ್ಟು ಹೊತ್ತಿನಿಂದ ಹೀಗೆ, ನಾನು ಬೆಲ್ಟು ಬಿಚ್ಚುವಾಗಲೋ, ಆರಲಿ ಅಂತ ಕಾಯುವಾಗಲೋ, ಇಲ್ಲ, ಆಗ ಉಗಿಯುತ್ತಿದ್ದಳು, ಪ್ಲಾಸ್ಟಿಕ್ಕು ಸೀಳುವಾಗ ಇರಬೇಕು, ನೀರು ನುಗ್ಗಿದಾಗ, ಅದು ಈಗ ಯಾಕೆ, ಹಗ್ಗ, ಹಗ್ಗದ ಮಾತು ಆಡು ಗುರುಮಲ್ಲಪ್ಪಾ. ಮಗಳೇ ಆ ಕೈ ಕೆಳಗಿಳಿಸು, ಇಷ್ಟೇ ಸಾಕು ಹೇಳಿದರೆ, ಇನ್ನೊಂದು ಬೆರಳಿನಷ್ಟು ಕೆಳಗೆ, ರೆಪ್ಪೆಯ ಮೇಲೆ, ಮೆಲ್ಲಗೆ ಎಳೆದುಬಿಡು, ಆಮೇಲೆ ಹಗ್ಗ ಹಿಡಿ, ಅಷ್ಟೇ ಮಾತು, ಬಾಯಿಗೆ ಬರುತ್ತಿಲ್ಲ, ಕರಿಯನ್ ಕೂಗುತ್ತಿದ್ದಾನೆ, ಜೀಪು ಇನ್ನೊಂದು ಗೇಣು, ಅಣ್ಣಾ ನೋಡಿ ಕಣ್ಣು ಬಿಟ್ಕೊಂಡೇ ಇದ್ದಾಳೆ ಅವ್ವೆ ಅಂತಾಳೆ ಸಜಿತ, ಅಂಗೈ ಅಲುಗಿಸದೆ, ಮತ್ತೆ ಹನಿ, ಬೆರಳ ಬೆನ್ನಿಗೆ, ಮಣಿಕಟ್ಟಿಗೆ, ಅಂಚಿಗೆ, ತೂಗುತ್ತಿದೆ, ಕಣ್ಣಿನೊಳಗೆ ಬಿತ್ತು, ತೆರೆದೇ ಇದೆ, ಅದರ ಮೇಲೆ ಆ ಕೈ, ಬೆರಳಿನಷ್ಟು ಮೇಲೆ, ಹನಿ, ಆ ಕೈ —