ಖಾಲಿ ಶೆಡ್ಡಿನಲ್ಲಿ ಬಿಚ್ಚಿದ ಬ್ರೇಕು

ನನ್ನ ಅಂಗಡಿಯಲ್ಲಿ ಏನೂ ಇಲ್ಲ ಎಂದು ಬರೆದ ಕಾಗದಕ್ಕೆ ಸಹಿ ಮಾಡಿದವನು ನಾನೇ. ಒಳಗೆ ಎರಡು ಹೊಲಿಗೆ ಮಷೀನು, ಒಂದು ಇಸ್ತ್ರಿ, ಕಳ್ಳಕವಟಗಿ ಊರಿನ ಮದುವೆಗೆ ಹೊಲಿಯಬೇಕಿದ್ದ ಜಂಪರುಗಳ ಗಂಟು ಇದ್ದವು. ಹೊರಗೆ ಬೀಗ, ಬೀಗದ ಮೇಲೆ ಕೆಂಪು ಅರಗಿನ ಮುದ್ರೆ. ಅರಗು ಇನ್ನೂ ಬಿಸಿ ಇತ್ತು. ನಾನು ಹೆಬ್ಬಟ್ಟಿನವನಲ್ಲ, ಏಳನೆಯ ಇಯತ್ತೆ ಪಾಸಾದವನು. ಆದರೂ ಓದದೆ ಸಹಿ ಹಾಕಿದೆ. ಅದನ್ನು ನೆನೆಸಿದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಾನು ರಾಜಾರಾಮ, ಟೇಲರ್. ತಿಕೋಟಾದಲ್ಲಿ ವಿಜಯಪುರದ ರಸ್ತೆಗೆ ನಾಲ್ಕು ತಗಡಿನ ಶೆಡ್ಡು ಸಾಲಾಗಿವೆ. ಮೊದಲನೆಯದು ಹಸನಸಾಬನ ಗ್ಯಾರೇಜು. ಎರಡನೆಯದು ಅಮೋಘಿಯ ಗಾಡಿ ಸಾಮಾನಿನ ಅಂಗಡಿ. ಮೂರನೆಯದು ನನ್ನದು. ಕೊನೆಯದು ಕಾಳವ್ವನ ಚಹಾದಂಗಡಿ. ರಸ್ತೆ ಅಗಲ ಮಾಡುತ್ತಾರಂತೆ, ಶೆಡ್ಡು ಕೆಡವುತ್ತಾರಂತೆ ಎಂದು ಎರಡು ವರ್ಷದಿಂದ ಕೇಳುತ್ತಿದ್ದೆವು. ಉದ್ಯೋಗ ನಡೆಯುವ ಶೆಡ್ಡಿದ್ದರೆ ಬೇರೆ ಜಾಗ ಕೊಡಬೇಕು, ಖಾಲಿ ಶೆಡ್ಡಿದ್ದರೆ ಸುಮ್ಮನೆ ಕೆಡವಬಹುದು. ಕಾನೂನು ಇಷ್ಟೇ. ಆದರೆ ನಮಗೆ ಕೊಡಬೇಕಾದ ಜಾಗದಲ್ಲಿ ಆಗಲೇ ಯಾರೋ ದೊಡ್ಡವರ ಕಲ್ಯಾಣ ಮಂಟಪದ ಪಾಯ ಎದ್ದಿತ್ತು. ಹಾಗಾಗಿ ನಮ್ಮ ನಾಲ್ಕು ಶೆಡ್ಡುಗಳೂ ಖಾಲಿ ಇರಲೇಬೇಕಿತ್ತು.

ಅವತ್ತು ಹನ್ನೊಂದು ಗಂಟೆಗೆ ರಸ್ತೆ ಕಚೇರಿಯ ಸಾಹೇಬರು ಬಿಳಿ ಕಾರಿನಲ್ಲಿ ಬಂದರು. ಹೆಸರು ಸತೀಶಕುಮಾರ. ಇಸ್ತ್ರಿ ಮುರಿಯದ ಅಂಗಿ. ಹೊಲಿಗೆ ಒಳ್ಳೆಯದಿತ್ತು, ಅದನ್ನು ಒಪ್ಪಲೇಬೇಕು. ಅವರ ಡ್ರೈವರ್ ಸಂಗನಬಸವ ಒಂದು ಕೈಯಲ್ಲಿ ಮೇಣಬತ್ತಿ, ಇನ್ನೊಂದು ಕೈಯಲ್ಲಿ ಅರಗಿನ ಕಡ್ಡಿ ಹಿಡಿದು ಹಿಂದೆ ಹಿಂದೆ ಬಂದ. ಮೈಕಿನಲ್ಲಿ ಸಾಹೇಬರು ಹೇಳಿದರು: "ಎಲ್ಲಾರೂ ಹೊರಗ ಬರ್ರಿ. ಅರಗು ಒಡದವರಿಗೆ ಜೈಲು!"

ಹೊರಗೆ ಬಂದೆವು. ಬೀಗ ಬಿತ್ತು. ಸಾಹೇಬರು ಕಾಗದ ಮುಂದೆ ಹಿಡಿದರು.

"ಸಹಿ ಮಾಡ್ರಿ. ನೋಟೀಸ ಮುಟ್ಟೇತಿ ಅನ್ನೂದಕ್ಕ ಅಷ್ಟ."

ಮಾಡಿದೆವು. ಕಾಳವ್ವ ಹೆಬ್ಬಟ್ಟು ಒತ್ತಿದಳು. ಒತ್ತಿ ಸೆರಗಿಗೆ ಮಸಿ ಒರೆಸಿಕೊಳ್ಳುವಾಗ ಅಮೋಘಿ ಸಾಹೇಬರ ಹೆಗಲ ಮೇಲಿಂದ ಇಣುಕಿ ಓದಿದ: "ನಾಲ್ಕೂ ಶೆಡ್ ಖಾಲಿ. ಯಾವ ಉದ್ಯೋಗವೂ ನಡೆಯುತ್ತಿಲ್ಲ. ನಾಳೆ ತೆರವು."

"ಖಾಲಿ?" ಕಾಳವ್ವನ ಬಾಯಿ ತೆರೆದಂತೇ ಉಳಿಯಿತು. "ಯಪ್ಪಾ, ಒಲಿ ಮ್ಯಾಲ ಹಾಲ ಇಟ್ಟ ಬಂದೇನಿ!"

ಅಷ್ಟರಲ್ಲೇ ಅವಳ ಶೆಡ್ಡಿನೊಳಗಿಂದ ಹಾಲು ಉಕ್ಕಿ ಕೆಂಡದ ಮೇಲೆ ಬಿದ್ದ ಸಪ್ಪಳ ಬಂತು. ಹಿಂದೆಯೇ ಕರಕು ವಾಸನೆ. ಸಾಹೇಬರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು.

"ಖಾಲಿ ಶೆಡ್ಡಿನ್ಯಾಗ ಹಾಲು ಹ್ಯಾಂಗ ಉಕ್ಕತೈತಿ? ಏನಾರ ಮಾತಾಡಬ್ಯಾಡ, ಅಜ್ಜೀ."

ಮೂಗು ಮುಚ್ಚಿಕೊಂಡೇ ಹೇಳಿದರು ಈ ಮಾತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಸನಸಾಬ ತನ್ನ ಗ್ಯಾರೇಜಿನ ಮುಂದಿನ ಕಲ್ಲಿನ ಮೇಲೆ ಕೂತ. ಇಪ್ಪತ್ತಾರು ವರ್ಷ ಅವನು ಅದೇ ಶೆಡ್ಡಿನಲ್ಲಿ ಗಾಡಿ ಬಿಚ್ಚಿದ್ದಾನೆ. ಅವನ ಉಗುರಿನ ಸಂದಿಯ ಕಪ್ಪು ನಮಾಜಿಗೆ ಎಷ್ಟು ತೊಳೆದರೂ ಹೋಗುವುದಿಲ್ಲ. ಆ ಉಗುರು ನೋಡಿಕೊಳ್ಳುತ್ತಾ ಕೂತಿದ್ದ.

ಸಾಹೇಬರಿಗೆ ಮೂರು ಗಂಟೆಗೆ ಬಬಲೇಶ್ವರದಲ್ಲಿ ಇಂಥದೇ ಕೆಲಸವಿತ್ತು. ಅಲ್ಲಿ ಹದಿನೇಳು ಶೆಡ್ಡು ಖಾಲಿ ಮಾಡಬೇಕಿತ್ತು. ಕಾರು ಹತ್ತಿದರು. ಕಾರು ನಾಲ್ಕು ಮಾರು ಹೋಗಿ 'ಕಿರ್ರ್' ಎಂದು ನಿಂತಿತು. ಸಂಗನಬಸವ ಎಷ್ಟು ಎಕ್ಸಲೇಟರ್ ಒತ್ತಿದರೂ ಮುಂದಿನ ಎಡಗಾಲಿ ಜಪ್ಪಯ್ಯ ಅನ್ನಲಿಲ್ಲ. ಗಾಲಿಯೊಳಗಿಂದ ಹೊಗೆ ಬಂತು. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳು ನಿಂತು ಹಾರ್ನು ಹೊಡೆಯತೊಡಗಿದವು. ಅತಿಕ್ರಮಣ ತೆಗೆಯಲು ಬಂದ ಕಾರು ನಡುರಸ್ತೆಯಲ್ಲಿ ಅಡ್ಡ ಕೂತಿತ್ತು.

"ಏನಾತಲೇ?" ಸಾಹೇಬರು ಚೀರಿದರು.

"ಮುಂಜಾನಿಂದ ಎಡಕ್ಕ ಎಳ್ಯಾಕತ್ತಿತ್ತ್ರಿ. ಹೇಳಿದ್ದೆ. ನೀವು ಫೋನಿನ್ಯಾಗ ಇದ್ರಿ."

ಸಾಹೇಬರು ಕಚೇರಿಗೆ ಫೋನು ಹಚ್ಚಿದರು. ಎರಡನೆಯ ಗಾಡಿ ಮಂತ್ರಿಗಳ ಹಿಂದೆ ಹೋಗಿತ್ತು. ಕಚೇರಿಯ ಮೆಕ್ಯಾನಿಕ್ ನಾಳೆ ಬರುತ್ತಾನಂತೆ. ಅಷ್ಟು ಹೊತ್ತಿಗೆ ಟ್ರ್ಯಾಕ್ಟರಿನವರು ಇಳಿದು ಬಂದು ಸಾಹೇಬರ ಸುತ್ತ ನಿಂತಿದ್ದರು. ಸಾಹೇಬರು ನಮ್ಮ ಕಡೆ ತಿರುಗಿದರು.

"ಇಲ್ಲಿ ಯಾರರ ಮೆಕ್ಯಾನಿಕ್ ಅದಾರೇನು?"

ಅಮೋಘಿ ತಡೆಯಲಾರದೆ, "ಇಲ್ರಿ, ಇಲ್ಲಿ ಎಲ್ಲಾ ಖಾಲಿ ಐತ್ರಿ," ಅಂದ.

ಹಸನಸಾಬ ಎದ್ದ. ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೂಸಿದ. "ಬ್ರೇಕಿನ ಪಿಸ್ಟನ್ ಕಚಗೊಂಡೈತ್ರಿ. ಒತ್ತಿದಾಗ ಹೊರಗ ಬಂದದ, ಒಳಗ ಹೊಳ್ಳಿ ಹೋಗವಲ್ದು. ಅದಕ್ಕ ಗಾಲಿ ಹಿಡಕೊಂಡೈತಿ. ದಿನಾ ಗಾಡಿ ಯಾತರಲೆ ತೊಳೀತೀರಿ?"

"ಬೋರಿನ ನೀರಲೆ," ಅಂದ ಸಂಗನಬಸವ. "ಸಾಹೇಬ್ರಿಗೆ ದಿನಾ ಎರಡು ಸಲ ತೊಳೀಬೇಕ್ರಿ."

"ಸವಳ ನೀರು. ಪಿಸ್ಟನ್ನಿನ ಮ್ಯಾಲಿನ ರಬ್ಬರ್ ಟೊಪಿಗಿ ಹರದದ. ನೀರು ಒಳಗ ಹೋಗಿ ಜಂಗ ಹಿಡದದ."

"ಕೊಬ್ಬರಿ ಎಣ್ಣಿ ಬಿಡ್ಲ್ಯಾ?" ಎಂದು ಸಂಗನಬಸವ ಬಾಟಲಿ ತೆಗೆದ.

"ಹುಚ್ಚದಿಯೇನೋ! ಎಣ್ಣಿ ಬಿದ್ರ ಬ್ರೇಕ ಹಿಡಿಯೂದಿಲ್ಲ. ಗ್ವಾಡಿಗೆ ಹೋಗಿ ಹೊಡೀತೀರಿ."

"ಸಾಕು, ಲಗೂನ ಬಿಚ್ಚು," ಅಂದರು ಸಾಹೇಬರು.

"ಯಾತರಲೆ ಬಿಚ್ಚಲ್ರಿ? ಪಾನಾ, ಜಾಕು ಎಲ್ಲಾ ಒಳಗದಾವ. ಒಳಗ ಏನೂ ಇಲ್ಲಂತ ನೀವ ಬರದೀರಿ."

ಸಾಹೇಬರು ಬೀಗದ ಕಡೆ ಕೈ ಚಾಚಿದರು. ಸಂಗನಬಸವ ಅಡ್ಡ ಬಂದ. "ಸಾಹೇಬ್ರ, ಅರಗು ಒಡದ್ರ ಜೈಲು ಅಂತ ಈಗ ಮೈಕಿನ್ಯಾಗ ಹೇಳೀರಿ. ಮಂದಿ ಮೊಬೈಲ್ ಹಿಡಕೊಂಡ ನಿಂತಾರ್ರಿ."

ನಿಜವೇ. ಟ್ರ್ಯಾಕ್ಟರಿನವರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರು. ಆಗ ಹಸನಸಾಬನೇ ದಾರಿ ಹೇಳಿಕೊಟ್ಟ. ಅವನಿಗೆ ಆಗ ಯಾವ ಯುಕ್ತಿಯೂ ಇರಲಿಲ್ಲ. ಅವನಿಗಿದ್ದದ್ದು ಹೆದರಿಕೆ.

"ಬರದ ಕೊಡ್ರಿ. ಯಾರ ಶೆಡ್ಡು, ಯಾತಕ್ಕ ತಗದ್ರಿ ಅಂತ. ನಾಳೆ ನನ್ನ ಮ್ಯಾಲ ಕಳವಿನ ಕೇಸ ಬಂದ್ರ?"

ಸಾಹೇಬರು ಗಡಿಯಾರ ನೋಡಿದರು, ಹಲ್ಲು ಕಚ್ಚಿದರು, ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು: "ಸರ್ಕಾರಿ ವಾಹನದ ಬ್ರೇಕ್ ತುರ್ತು ರಿಪೇರಿಗಾಗಿ ಮೆಕ್ಯಾನಿಕ್ ಹಸನಸಾಬ ಇವರ ಗ್ಯಾರೇಜನ್ನು ತೆರೆಯಲು ಆದೇಶಿಸಿದೆ." ಸಹಿ, ತಾರೀಖು, ಮೇಲೊಂದು ಶಿಕ್ಕಾ. ಅರಗು ಒಡೆಯಿತು.

ಜಾಕು ಬಂತು, ಪಾನಾ ಬಂದವು. ಗಾಲಿ ಬಿಚ್ಚಿದ. ಕಾಯ್ದ ಬ್ರೇಕು ಆರುವವರೆಗೆ ಕಾದು, ಗಾಲಿಯ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುವ ಕಬ್ಬಿಣದ ಕ್ಯಾಲಿಪರನ್ನು ಕಳಚಿ ತೋರಿಸಿದ. ನಡುವೆ ಪುಟ್ಟ ಲೋಟದಂಥ ಪಿಸ್ಟನ್ನು ಜಂಗು ಹಿಡಿದು ಕೂತಿತ್ತು. "ರಬ್ಬರ್ ಉಂಗುರ ಬದಲಿ ಆಗಬೇಕು. ಬ್ರೇಕ ಆಯಿಲ್ ಬೇಕು. ಅಮೋಘಿ ಅಂಗಡ್ಯಾಗ ಅದಾವು."

"ಅದೂ ಖಾಲಿ ಐತ್ರಿ," ಅಂದ ಅಮೋಘಿ ಕೈಕಟ್ಟಿ.

ಸಾಹೇಬರು ಎರಡನೆಯ ಆದೇಶ ಬರೆದರು. ಆಮೇಲೆ ಒರೆಸಲು ಎಳೆ ಬಿಡದ ಚೊಕ್ಕ ಅರಿವೆ ಬೇಕಾಯಿತು. ಒಂದು ಎಳೆ ಒಳಗೆ ಉಳಿದರೂ ಕೆಲಸ ಕೆಟ್ಟಿತು. ಸಾಹೇಬರು ತಮ್ಮ ಕರವಸ್ತ್ರ ಕೊಟ್ಟರು. ಹಸನಸಾಬ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಹೊಲಸೈತ್ರಿ," ಎಂದು ವಾಪಸು ಕೊಟ್ಟ. ನನ್ನ ಎದೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ? ಮೂರನೆಯ ಆದೇಶದಲ್ಲಿ ನಾನು ಟೇಲರ್ ರಾಜಾರಾಮನಾದೆ. ಪಾಪ್ಲಿನ್ ಚೂರು ಕೊಟ್ಟೆ.

ಎರಡೂವರೆಗೆ ಸಾಹೇಬರ ತುಟಿ ಒಣಗಿತು. ಏಪ್ರಿಲ್ ಬಿಸಿಲು. ಕಾಳವ್ವನ ಕಡೆ ನೋಡಿದರು. ಕಾಳವ್ವ ಆಕಾಶದ ಕಡೆ ನೋಡಿದಳು.

"ಒಂದ ಕಪ್ಪ ಚಹಾ, ಅಜ್ಜೀ."

"ಎಲ್ಲಿ ಚಹಾನೋ ಯಪ್ಪಾ? ಏನಾರ ಮಾತಾಡಬ್ಯಾಡ."

ನಾಲ್ಕನೆಯ ಆದೇಶವೂ ಆಯಿತು. ಅದರಲ್ಲಿ "ಸರ್ಕಾರಿ ಅಧಿಕಾರಿಗಳ ತುರ್ತು ಚಹಾಕ್ಕಾಗಿ" ಎಂದಿದೆ. ನಾನು ಸುಳ್ಳು ಹೇಳುತ್ತಿಲ್ಲ, ಕಾಗದ ಇದೆ. ಬಾಗಿಲು ತೆಗೆದರೆ ಹಾಲಿನ ಪಾತೇಲಿ ಕಪ್ಪಗೆ ಸುಟ್ಟಿತ್ತು. ಕಾಳವ್ವ ಅದನ್ನು ತಂದು ಸಾಹೇಬರ ಕಾಲ ಹತ್ತಿರ ಇಟ್ಟು, ಕರಿ ಚಹಾ ಮಾಡಿಕೊಟ್ಟಳು.

ಈಗ ಪಿಸ್ಟನ್ನು. ಎಳೆದರೆ ಬರುವಂಥದಲ್ಲ ಅದು. ಹೊಡೆದರೆ ಒಡೆಯುತ್ತದೆ. ಬ್ರೇಕು ಒತ್ತಿಯೇ ಅದನ್ನು ಹೊರಗೆ ತರಬೇಕು. ಸಂಗನಬಸವ ಕ್ಯಾಲಿಪರ್ ಹಿಡಿದ, ಅಮೋಘಿ ಆಯಿಲ್ ಹಿಡಿದ, ನಾನು ಅರಿವೆ ಹಿಡಿದೆ. ಟ್ರ್ಯಾಕ್ಟರಿನವರು ಮೊಬೈಲು ಕೆಳಗಿಳಿಸಲಿಲ್ಲ. ಪೆಡಲು ಒತ್ತಲು ಯಾರೂ ಉಳಿಯಲಿಲ್ಲ.

"ಸಾಹೇಬ್ರ, ಹತ್ರಿ," ಅಂದ ಹಸನಸಾಬ.

ಸಾಹೇಬರು ಡ್ರೈವರಿನ ಸೀಟಿನಲ್ಲಿ ಮೊದಲ ಸಲ ಕೂತರು. "ಒತ್ತ್ರಿ," ಅಂದ ಹಸನಸಾಬ. ಒತ್ತಿದರು. "ಬಿಡ್ರಿ." ಬಿಟ್ಟರು. "ಮೆಲ್ಲಕ! ನಿಮ್ಮ ಅರಗಿನ ಶಿಕ್ಕಾ ಅಲ್ಲ ಇದು. ಒತ್ತ್ರಿ." ಒತ್ತಿದರು. ಬೆವರು ಇಸ್ತ್ರಿಯ ಅಂಗಿಯ ಬೆನ್ನಿಗೆ ಇಳಿಯಿತು. ಟ್ರ್ಯಾಕ್ಟರಿನವರು ಕೂಡಿ ಕೂಗತೊಡಗಿದರು: "ಒತ್ತ್ರಿ! ಬಿಡ್ರಿ!" ಅರ್ಧ ತಾಸು ನಮ್ಮ ಸರ್ಕಾರ ನಾವು ಹೇಳಿದಂತೆ ಕೇಳಿತು. ಕೊನೆಗೆ 'ಟಪ್' ಎಂದು ಪಿಸ್ಟನ್ನು ನನ್ನ ಪಾಪ್ಲಿನ್ ಚೂರಿನಲ್ಲಿ ಬಿತ್ತು. ಎಲ್ಲರೂ ಸೀಟಿ ಹೊಡೆದರು. ಸಾಹೇಬರೂ ಮೈಮರೆತು ಚಪ್ಪಾಳೆ ತಟ್ಟಿಬಿಟ್ಟರು, ಆಮೇಲೆ ಕೈ ಜೇಬಿಗೆ ಹಾಕಿಕೊಂಡರು.

ಹಸನಸಾಬ ಜಂಗು ತಿಕ್ಕಿದ, ಒರೆಸಿದ, ಹೊಸ ಉಂಗುರ ಕೂರಿಸಿದ, ಬ್ರೇಕ್ ಆಯಿಲ್ ಸವರಿ ಹೆಬ್ಬೆರಳಿನಿಂದ ಪಿಸ್ಟನ್ನು ಒತ್ತಿದ. ಬೆಣ್ಣೆಯಲ್ಲಿ ಬೆರಳು ಹೋದಂತೆ ಹೋಯಿತು. ಕ್ಯಾಲಿಪರ್ ಜೋಡಿಸಿ, ಒಳಗಿನ ಗಾಳಿ ತೆಗೆದ. ಉಳಿದದ್ದು ಗಾಲಿಯೊಂದೇ. ಅಷ್ಟರಲ್ಲಿ ಸಾಹೇಬರಿಗೆ ಎಚ್ಚರವಾಯಿತು.

"ಆ ನಾಕೂ ಕಾಗದ ಇಲ್ಲಿ ಕೊಡ್ರಿ. ಬಾಗಿಲ ಹಾಕೂನು."

ಕಾಳವ್ವ ತನ್ನ ಕಾಗದ ಆಗಲೇ ಜಂಪರಿನೊಳಗೆ ಸೇರಿಸಿದ್ದಳು. ನಾನು ನನ್ನದನ್ನು ಮಡಚಿ ಮುಷ್ಟಿಯಲ್ಲಿ ಹಿಡಿದೆ.

"ಕಾಗದ ಯಾಕ್ರಿ? ನಮ್ಮ ಹೆಸರಿಗೆ ಬರದೀರಿ," ಅಂದೆ.

"ಫೈಲಿನ್ಯಾಗ ಖಾಲಿ ಅಂತೈತಿ. ಖಾಲಿ ಶೆಡ್ಡಿನ್ಯಾಗ ಯಾರೂ ಕೆಲಸ ಮಾಡಿಲ್ಲ."

"ಹಂಗಾರ ನಿಮ್ಮ ಬ್ರೇಕ ಬಿಚ್ಚಿದಾಂವ ಯಾರ್ರಿ?" ಹಸನಸಾಬ ಕೇಳಿದ.

"ಬ್ರೇಕ ಕೆಟ್ಟೇ ಇಲ್ಲ!"

ಹಸನಸಾಬ ಗಾಲಿಯನ್ನು ಕಾರಿಗೆ ಒರಗಿಸಿದ. ನಾಲ್ಕು ಬೋಲ್ಟು ಅವನ ಅಂಗೈಯಲ್ಲಿದ್ದವು. ಅವನನ್ನು ಅಷ್ಟು ವರ್ಷದಲ್ಲಿ ನಾನು ಹಾಗೆ ನೋಡಿರಲಿಲ್ಲ.

"ಕೆಟ್ಟಿಲ್ಲಂದ್ರ ನಾನೂ ಬಿಚ್ಚಿಲ್ರಿ. ಬಿಚ್ಚಿಲ್ಲಂದಮ್ಯಾಲ ಬೋಲ್ಟ ಬಿಗಿಯೂ ಮಾತ ಇಲ್ಲ. ನೀವು ಹೋಗ್ರಿ, ಬಬಲೇಶ್ವರಕ್ಕ ತಡಾ ಆಗತೈತಿ."

"ಮೂರ ಗಾಲಿ ಮ್ಯಾಲ ಹ್ಯಾಂಗ ಹೋಗ್ಲ್ಯೋ?"

"ಫೈಲಿನ್ಯಾಗ ನಾಕು ಅಂತ ಬರಕೋರಿ."

ಟ್ರ್ಯಾಕ್ಟರಿನವರು ಹೊಟ್ಟೆ ಹಿಡಿದು ನಕ್ಕರು. ಸಂಗನಬಸವ ಮುಖ ತಿರುಗಿಸಿ ನಕ್ಕ. ಸಾಹೇಬರು ನಗಲಿಲ್ಲ. ಗಾಲಿ ನೋಡಿ, ಗಡಿಯಾರ ನೋಡಿ, "ಇಟ್ಟಕೋರಿ ನಿಮ್ಮ ಕಾಗದ," ಅಂದರು.

ಆಗ ಹಸನಸಾಬ ಬೋಲ್ಟು ಬಿಗಿದ. ಒಂದೊಂದನ್ನೂ ಎರಡೆರಡು ಸಲ ಬಿಗಿದ. ಕಾರು ಓಡಿಸಿ, ನಿಲ್ಲಿಸಿ ನೋಡಿ ಕೊಟ್ಟ. ಯಾಕೆ ಅಷ್ಟು ಚೆಂದ ಮಾಡಿದಿ ಎಂದು ಅಮೋಘಿ ಬೈದದ್ದಕ್ಕೆ, "ಗಾಡ್ಯಾಗ ಸಂಗನಬಸವನೂ ಇರತಾನಲ್ಲೋ," ಅಂದ. ಅಷ್ಟರಲ್ಲಿ ಐದೂವರೆ ಆಗಿತ್ತು. ಅವತ್ತು ಬಬಲೇಶ್ವರ ಉಳಿಯಿತು.

ಮರುದಿನ ಜೆಸಿಬಿ ಬಂತು, ಸಾಹೇಬರೂ ಬಂದರು. ನಾವು ನಾಲ್ವರೂ ಕಾಗದ ಹಿಡಿದು ಜೆಸಿಬಿಯ ಬಕೆಟ್ಟಿಗೆ ಎದೆಕೊಟ್ಟು ನಿಂತೆವು. ಹಿಂದೆ ಟ್ರ್ಯಾಕ್ಟರಿನವರು ನಿಂತರು. ಸಾಹೇಬರು ತಮ್ಮ ಸಹಿಯನ್ನು ತಾವೇ ಹೊರಳಿಸಿ ಹೊರಳಿಸಿ ನೋಡಿ, ಇದು ಯಾರ ಸಹಿ ಎಂದು ತನಿಖೆ ಆಗಬೇಕು ಅಂದರು. ತನಿಖೆ ಮಾಡುವವರೂ ಅವರೇ. ತಮ್ಮದಲ್ಲ ಅಂದರೆ ಅರಗು ಒಡೆದವರು ಯಾರು? ತಮ್ಮದು ಅಂದರೆ ಶೆಡ್ಡು ಖಾಲಿ ಹೇಗೆ? ಆ ತನಿಖೆ ಇನ್ನೂ ನಡೆದಿದೆ. ನಮಗೆ ಜಾಗ ಸಿಕ್ಕಿಲ್ಲ. ಕಲ್ಯಾಣ ಮಂಟಪಕ್ಕೆ ಸ್ಲ್ಯಾಬು ಬಿದ್ದಿದೆ. ಆದರೆ ಶೆಡ್ಡುಗಳು ನಿಂತಿವೆ, ನನ್ನ ಮಷೀನು ತಿರುಗುತ್ತಿದೆ.

ಬಬಲೇಶ್ವರದಲ್ಲಿ ಕಾಳವ್ವನ ತಂಗಿ ಭಜಿ ಅಂಗಡಿ ಇಟ್ಟಿದ್ದಾಳೆ. ಎಂಟು ದಿನದ ಮೇಲೆ ಸಾಹೇಬರು ಅಲ್ಲಿಗೆ ಬಂದಾಗ ನಾವೂ ಹೋಗಿದ್ದೆವು. ಮೇಣಬತ್ತಿ ಹೊತ್ತಿತ್ತು. ಸಾಹೇಬರು ಮಸಿ ಡಬ್ಬಿ ತೆರೆದು ಕಾಗದ ಮುಂದೆ ಮಾಡಿದರು.

"ಹೆಬ್ಬಟ್ಟ ಒತ್ತವಾ. ನೋಟೀಸ ಮುಟ್ಟೇತಿ ಅನ್ನೂದಕ್ಕ ಅಷ್ಟ."

ಕಾಳವ್ವನ ತಂಗಿ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದಳು. ಪಕ್ಕದ ಸೈಕಲ್ ಅಂಗಡಿಯವನೂ ಬಿಗಿದ. ಹದಿನೇಳು ಶೆಡ್ಡಿನ ಮುಂದೆ ಹದಿನೇಳು ಮುಷ್ಟಿ.

"ಮೊದಲ ಓದ್ರಿ," ಅಂದಳು ಅವಳು.

ಸಾಹೇಬರು ಸುತ್ತ ನೋಡಿದರು. ಸಂಗನಬಸವ ಮೇಣಬತ್ತಿ ಆರಿಸಿ ಜೇಬಿಗೆ ಹಾಕಿಕೊಂಡ. ಸಾಹೇಬರು ಗಂಟಲು ಸರಿಮಾಡಿಕೊಂಡು ಓದತೊಡಗಿದರು. "ಸದರಿ ಹದಿನೇಳು ಶೆಡ್..." ಬಾಣಲೆಯಲ್ಲಿ ಭಜಿ ಚುರುಗುಡುತ್ತಿದ್ದವು. "ಖಾಲಿ" ಎಂಬಲ್ಲಿಗೆ ಬಂದು ನಿಂತರು.

"ಅದಕ್ಕ ಗೀಟ ಹೊಡೀರಿ," ಅಂದಳು ಕಾಳವ್ವ. "ಮುಂದ ಓದ್ರಿ."