ಹಬ್ಬದ ಕೋಳಿಗೆ ಉಪ್ಪು

ಉಪ್ಪು ಹಾಕಿದ್ನಾ, ಇಲ್ವಾ? ಬಿರ್ಕೆ ಸೌಟು ಹಿಡಿದು ಮತ್ತೆ ಅದೇ ಯೋಚನೆಗೆ ಬಿದ್ದಳು. ಕೋಳಿ ತುಂಡುಗಳನ್ನು ನಿಂಬೆಹಣ್ಣು, ಉಪ್ಪು ಹಾಕಿ ತೊಳೆದದ್ದು ನೆನಪಿದೆ. ಆಮೇಲೆ ಮಡಕೆಗೆ ಹಾಕಿದ್ದು ನೆನಪಿಲ್ಲ. ಕೆಂಡದ ಮೇಲೆ ಕೆಂಪು ಸಾರು ಮಾತ್ರ ಏನೂ ಗೊತ್ತಿಲ್ಲದ ಹಾಗೆ ಕೊತಕೊತ ಅನ್ನುತ್ತಿತ್ತು.

ನಾಲಿಗೆಗೆ ಒಂದು ತೊಟ್ಟು ಹಾಕಿಕೊಂಡರೆ ಮುಗಿಯಿತು. ಆದರೆ ಈಸ್ಟರ್ ಉಪವಾಸ. ಹೆಚ್ಚುಕಡಿಮೆ ಎರಡು ತಿಂಗಳಿಂದ ಗೊಂದರ್ ಊರಿಗೆ ಊರೇ ಮಾಂಸ, ಹಾಲು, ಬೆಣ್ಣೆ ಬಿಟ್ಟು ಕೂತಿದೆ. ನಾಳೆ ನಸುಕಿಗೆ ಚರ್ಚಿಂದ ಬರುವ ತನಕ ಅಡುಗೆಯವಳಿಗೂ ಮೂಗೇ ನಾಲಿಗೆ.

"ಘಮ ಸರಿಯಾಗಿದೆ ಕಣಮ್ಮ," ಅಂದರು ಮಾವ ಅಲೆಮು. ಆಗಿನಿಂದ ಏನೋ ಹುಡುಕುವ ನೆಪದಲ್ಲಿ ಅಡುಗೆಮನೆಗೆ ಬಂದು ಹೋಗಿ ಮಾಡುತ್ತಿದ್ದರು.

"ನಿಮ್ಮ ಮೂಗಿಗೂ ಉಪವಾಸ ಹಾಕ್ಬೇಕಿತ್ತು," ಅಂದರು ಅತ್ತೆ ಆಲ್ಗಾನೆಶ್, ಮೊಟ್ಟೆ ಸುಲಿಯುತ್ತಾ. "ಹೋಗಿ ಆಚೆ ಕೂತ್ಕೊಳ್ಳಿ."

"ನಿನ್ನ ಮೊದಲ ಹಬ್ಬದಲ್ಲೂ ನನ್ನ ಹೀಗೇ ಆಚೆ ಕಳಿಸಿದ್ದೆ. ಏನಾಯ್ತು?"

ಆದದ್ದು ಬಳಗಕ್ಕೆಲ್ಲ ಗೊತ್ತು. ಅತ್ತೆ ಎರಡೆರಡು ಸಲ ಉಪ್ಪು ಹಾಕಿದ್ದರು. ಅವತ್ತಿಂದ ಇದು 'ಸಮುದ್ರದ ಮನೆ'. ದೇಶಕ್ಕೆ ಸಮುದ್ರ ಇಲ್ಲದಿದ್ದರೂ ಈ ಮನೆಗೆ ಇದೆ. ಬೆಳಗ್ಗೆ ಅದೇ ಬಳಗ ಊಟಕ್ಕೆ ಬರುತ್ತದೆ. ಸೌಟು ಸೊಸೆಯ ಕೈಗೆ ಬಂದದ್ದು ಈ ವರ್ಷವೇ.

"ಅತ್ತೆ, ನಾನು ಉಪ್ಪು ಹಾಕಿದ್ದು ನೀವೇನಾದ್ರೂ ನೋಡಿದ್ರಾ?"

"ಉಪ್ಪಿನ ವಿಷಯ ನನ್ನ ಕೇಳ್ತೀಯಲ್ಲೇ."

ಬಿರ್ಕೆ ಡಬ್ಬಿ ಎತ್ತಿದಳು, ಇಟ್ಟಳು. ಬಾಗಿಲವರೆಗೆ ಹೋಗಿ ವಾಪಸ್ ಬಂದಳು. ಬಸುರಿಯರಿಗೆ ಉಪವಾಸದಿಂದ ಬಿಡುವಿದೆ, ಪಾದ್ರಿಗಳು ಅವಳಿಗೆ ಬಿಡಿಸಿ ಹೇಳಿದ್ದರು. ಆದರೆ ಅವಳು ಬಸುರಿ ಅನ್ನುವ ವಿಷಯ ಅವರನ್ನು ಬಿಟ್ಟರೆ ಗಂಡನಿಗೆ ಮಾತ್ರ ಗೊತ್ತು. ಹೋದ ವರ್ಷ ಬೇಗ ಹೇಳಿಬಿಟ್ಟಿದ್ದಳು. ಊರೆಲ್ಲ ಶುಭಾಶಯ ಹೇಳಿತು, ಸ್ವಲ್ಪ ದಿನಕ್ಕೆ ಅದೇ ಊರು ಅದೇ ಬಾಯಲ್ಲಿ ಸಮಾಧಾನ ಹೇಳಿತು. ಈ ಸಲ ಹೊಟ್ಟೆ ತಾನಾಗಿ ಹೇಳುವ ತನಕ ಬಾಯಿ ಬಿಡಬಾರದು ಅಂದುಕೊಂಡು, ಎಲ್ಲರ ಜೊತೆ ಉಪವಾಸವನ್ನೂ ಹಿಡಿದಿದ್ದಳು.

ಸಾರು ಗಟ್ಟಿಯಾಗುತ್ತಿತ್ತು. ಮಾವ ಮತ್ತೆ ಇಣುಕಿದರು.

ಬಿರ್ಕೆ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು.

ಅತ್ತೆಯ ಕೈಯಲ್ಲಿ ಮೊಟ್ಟೆ ಅರ್ಧ ಸುಲಿದು ನಿಂತಿತು. ಮಾವ ಬಾಯಿ ತೆರೆದರು. ಅತ್ತೆ ಅವರ ಕಡೆ ಒಂದು ಸಲ ನೋಡಿದ್ದಕ್ಕೆ ಹಾಗೇ ಮುಚ್ಚಿಕೊಂಡರು.

"ಉಪ್ಪು?" ಅಂದರು ಅತ್ತೆ, ಮೆಲ್ಲಗೆ.

"ಹಾಕೇ ಇಲ್ಲ, ಅತ್ತೆ."

ಅತ್ತೆ ಎದ್ದು ಡಬ್ಬಿ ತಂದು ಅವಳ ಕೈಗಿಟ್ಟರು. ತಾವು ಕೂತಿದ್ದ ಮಣೆಯನ್ನು ಹೊಗೆ ಬಾರದ ಕಡೆ ಹಾಕಿ, ಸೆರಗಿನಿಂದ ಒರೆಸಿ, ಸೊಸೆಯನ್ನು ಭುಜ ಹಿಡಿದು ಕೂರಿಸಿದರು. ಆಮೇಲೆ ಹೊಗೆಯಲ್ಲೇ ಕುಕ್ಕರುಗಾಲಲ್ಲಿ ಕೂತು, ಉಳಿದ ಮೊಟ್ಟೆ ಸುಲಿಯತೊಡಗಿದರು.