ಅಕ್ಕಂದಿರು ಇಟ್ಟುಕೊಳ್ಳುವ ಸೀರೆ

ಫಟ್ಟೆಂದು ಬಿಚ್ಚಿದ ಇಳಕಲ್ ಸೀರೆಯ ಗಾಳಿ ಮುಖಕ್ಕೆ ಬಡಿಯಿತು, ಹೊಸ ನೂಲಿನ ಗಂಜಿಯ ವಾಸನೆ, ಚಲೋ ಇದೆ, ಆದರೆ ಚಲೋ ಅಂದರೆ ಯಾರಿಗೆ, ಶಂಭುಲಿಂಗನಿಗೆ ಚಲೋ ಕಂಡದ್ದು ಅವನ ಅಕ್ಕಂದಿರಿಗೆ ಯಾವಾಗ ಚಲೋ ಕಂಡಿದೆ — ಸವಣೂರಿನ ರಾಜೇಸಾಬನ ಅಂಗಡಿಯ ಗಾದಿಯ ಮೇಲೆ ವರ್ಷಕ್ಕೊಮ್ಮೆ ಹೀಗೆ ಕಾಲು ಮಡಚಿ ಕೂತು, ಪಂಚಮಿಗೆ ಹತ್ತಿಮತ್ತೂರಿನ ತವರಿಗೆ ಬರುವ ಇಬ್ಬರು ಜಾಣೆಯರಿಗೆ ಏನು ಕೊಡಲಿ ಎಂದು ತಲೆ ಕೆಡಿಸಿಕೊಳ್ಳುವುದೇ ಆಯಿತು, ದೊಡ್ಡಕ್ಕ ಶೀಲಾ ಹಾನಗಲ್ಲಿನ ಕಾಲೇಜಿನಲ್ಲಿ ಗಣಿತ ಹೇಳುವಾಕೆ, ಸಣ್ಣಕ್ಕ ಗಿರಿಜಾ ಆಡೂರಿನ ಹಳೇ ಕಲ್ಲುಶಾಸನವನ್ನು ಪೇಪರು ಓದಿದಂತೆ ಓದುವಾಕೆ, ಎಸೆಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಗೋವಿನಜೋಳ ಬೆಳೆಯುವ ತಮ್ಮನ ಆಯ್ಕೆ ಇವರ ಮುಂದೆ ಎಲ್ಲಿ ನಿಂತೀತು, ಗಡಿಯಾರ ಕೊಟ್ಟರೆ ದೊಡ್ಡಕ್ಕ, ಶಂಭು, ಇದು ಮುಂದ ಓಡಾಕತ್ತೈತಲ್ಲೋ, ಕಲ್ಲಿನ ಬಸವಣ್ಣ ಎಂದು ಕೊಟ್ಟರೆ ಸಣ್ಣಕ್ಕ ಉಗುರಿನಿಂದ ಕೆರೆದು, ಇದು ಸಿಮೆಂಟೋ ತಮ್ಮಾ, ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು, ಅವನೂ ನಕ್ಕಿದ್ದ, ಅದಕ್ಕೇನು, ಆದರೆ ಹೋದ ವರ್ಷದ ಆ ಹಸಿರು ರವಿಕೆ ಖಣ — ದೊಡ್ಡಕ್ಕನ ಉಡಿ ತುಂಬುವಾಗ ಹಾಕಿಸಿದ್ದು, ಉಡಿಯ ಖಣ ಊರೂರು ತಿರುಗುವುದು ಹೊಸದಲ್ಲ, ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರ ಉಡಿಗೆ ಹಾಕಿ ಕೈ ತೊಳೆದುಕೊಳ್ಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ, ಆದರೂ ಹಾನಗಲ್ಲಿಗೆ ಹೋದದ್ದು ಶಿಗ್ಗಾಂವಿಯ ಯಾರೋ ಬಸುರಿಯ ಕುಪ್ಪಸದ ಕಾರ್ಯದಲ್ಲಿ ಅವನ ಹೆಂಡತಿಯ ಉಡಿಗೇ ಬಂದು ಬೀಳಬೇಕೆ, ನಿಮ್ಮ ಖಣ ದೇಶ ಸುತ್ತಿ ಬಂತ ನೋಡ್ರಿ, ಆಕೆ ನಗುತ್ತ ಟ್ರಂಕಿಗೆ ಹಾಕಿದಳು, ಅವನು ಮಾತ್ರ ನಗಲಿಲ್ಲ, ಒಂದೇ ಒಂದು ಸಲ ತಾನು ಕೊಟ್ಟದ್ದನ್ನು ಅಕ್ಕಂದಿರು ಇಟ್ಟುಕೊಳ್ಳಬೇಕು, ಅಷ್ಟೇ, ಹೊಗಳುವುದೂ ಬೇಡ.

ಇದು ಬ್ಯಾಡ ಬಿಡ್ರಿ ಶಂಭಣ್ಣ, ಐಬ್ ಐತಿ, ರಾಜೇಸಾಬ ಸೀರೆ ಮಡಚತೊಡಗಿದ, ಎಲ್ಲೈತಿ ಐಬು, ಸೆರಗಿನ್ಯಾಗ ನೋಡ್ರಿ, ಈ ತೆನಿ ಸಾಲಿನ್ಯಾಗ ಒಂದು ಅರ್ಧಕ್ಕ ನಿಂತೈತಿ, ನೇಯಾವನ ಲಕ್ಷ್ಯ ಎಲ್ಲಿತ್ತೋ ಏನೋ, ನಿಮ್ಮ ಅಕ್ಕಾರು ಬಿಡ್ತಾರೇನ್ರಿ — ಎಲ್ಲಿ ಬಿಟ್ಟಾರು, ದೊಡ್ಡಕ್ಕ ಒಂದೊಂದಾಗಿ ಎಣಿಸುತ್ತಾಳೆ, ಸಣ್ಣಕ್ಕ ಎಣಿಸದೆ ಕಣ್ಣಲ್ಲೇ ಹಿಡಿಯುತ್ತಾಳೆ, ನಾ ಮೊದ್ಲ ಕಂಡ್ನಿ, ಇಲ್ಲ ನಾ, ಸಣ್ಣವನಿದ್ದಾಗ ಅವನ ಪಾಟಿಯ ಮೇಲೂ ಹೀಗೇ ಮುಗಿಬೀಳುತ್ತಿದ್ದರು, ಸರಿಯಾದ ಲೆಕ್ಕವನ್ನು ಯಾರೂ ಹೊರಳಿ ನೋಡುತ್ತಿರಲಿಲ್ಲ, ತಪ್ಪಿದ್ದರೆ ಮಾತ್ರ ಎರಡು ತಲೆ ಪಾಟಿಯ ಮೇಲೆ, ಎರಡು ಜಡೆ ಅವನ ಮೊಣಕೈ ಮೇಲೆ, ಕೊಬ್ಬರಿ ಎಣ್ಣೆಯ ವಾಸನೆ, ನಡುವೆ ಇವನು, ಎಷ್ಟು ಸುಖ ಅದು, ಗೊತ್ತಿದ್ದೂ ತಪ್ಪು ಬರೆದ ದಿನಗಳೇ ಇದ್ದವಲ್ಲ — ಮಡಚಬ್ಯಾಡ್ರಿ ರಾಜೇಸಾಬ, ಇದನ್ನ ಕಟ್ರಿ, ಇದನ್ನಾ, ಇಬ್ಬರಿಗೂ ಇದೊಂದನಾ, ಹೂಂ, ಇದೊಂದ, ಯಾರು ಉಡಬೇಕೆಂದೂ ಜಗಳವಾಗಲಿ, ಇನ್ನು ಇದನ್ನು ಯಾರಿಗೂ ದಾಟಿಸುವಂತಿಲ್ಲ, ಐಬಿನದನ್ನು ಮಂದಿಗೆ ಕೊಡುವ ಹೆಣ್ಣುಮಕ್ಕಳಲ್ಲ ಅವರು, ಬೈಯುತ್ತಲೇ ಇಟ್ಟುಕೊಳ್ಳಬೇಕು, ಅವನಿಗೆ ನಗು ತಡೆಯಲಾಗಲಿಲ್ಲ, ಕಣ್ಣ ಮುಂದೆ ಆಗಲೇ ಪಂಚಮಿಯ ದಿನದ ಪಡಸಾಲೆಯಲ್ಲಿ ಹರವಿದ ಸೆರಗು, ಅದರ ಮೇಲೆ ಬಾಗಿದ ಎರಡು ತಲೆ, ಒಂದು ಅರ್ಧ ಬೆಳ್ಳಗಾಗಿದೆ, ಇನ್ನೊಂದಕ್ಕೆ ಕನ್ನಡಕ ಜಾರುತ್ತಿದೆ, ಎರಡು ತಲೆ, ನಡುವೆ ಒಬ್ಬ ಕೂರುವಷ್ಟು ಜಾಗ.